ನೇರಳೆ ಚಾಪೆ ಕಿತ್ತ ಭಾನುವಾರ

ಆ ಭಾನುವಾರ ನಾನು ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನ ದೀಪ ಹತ್ತಿ ಎರಡು ಗಂಟೆ ಕಳೆದರೂ ಹ್ಯಾಮರ್ ಕೋರಲ್ ಎಂಬ ಹವಳದ ಕೆಳಗಿನ ಎರಡು ತಲೆಗಳು ಅರಳಿರಲಿಲ್ಲ. ಮೇಲಿನ ಮೂರು ಎಂದಿನಂತೆ ಉಬ್ಬಿ, ನೀರಿನ ಜೊತೆ ತೂಗಾಡುತ್ತಿದ್ದವು. ಕೆಳಗಿನವು ಮಾತ್ರ ಮುದುಡಿಕೊಂಡಿದ್ದವು. ಅಂಚಿನಲ್ಲಿ ಬಿಳಿ ಸುಣ್ಣದ ಗೂಡು ಕಾಣುವಷ್ಟು ಒಳಗೆ ಸರಿದಿದ್ದವು. ಉಪ್ಪಿನಂಶ ನೋಡಿದೆ, ಸಾವಿರಕ್ಕೆ 35 ಇತ್ತು. ನೀರಿನ ಬಿಸಿ 26 ಡಿಗ್ರಿ. ಅದರಲ್ಲೇನೂ ತೊಂದರೆ ಇರಲಿಲ್ಲ. ಕೊನೆಗೆ ಟಾರ್ಚ್ ಹಿಡಿದು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಆಗ ಗೊತ್ತಾಯಿತು. ಗ್ರೀನ್ ಸ್ಟಾರ್ ಪಾಲಿಪ್ ಎಂಬ ಇನ್ನೊಂದು ಹಸಿರು ಹವಳ ಹ್ಯಾಮರ್‌ನ ಕಾಂಡ ಹತ್ತಿಬಿಟ್ಟಿತ್ತು.

ಹ್ಯಾಮರ್ ಕೋರಲ್ ಕವಲು ಕವಲಾಗಿ ಬೆಳೆಯುತ್ತದೆ. ಜೀವ ಇರುವುದು ಪ್ರತಿ ಕವಲಿನ ತುದಿಯಲ್ಲಿ. ಕೆಳಗಿನ ಕಾಂಡ ಬರೀ ಸುಣ್ಣದ ಕಲ್ಲು. ಖಾಲಿ ಕಲ್ಲು ಕಂಡರೆ ಗ್ರೀನ್ ಸ್ಟಾರ್ ಬಿಡುತ್ತದೆಯೇ? ಅದರ ಬುಡದಲ್ಲಿ ನೇರಳೆ ಬಣ್ಣದ ಚಾಪೆಯೊಂದು ಇರುತ್ತದೆ. ಒದ್ದೆ ಚರ್ಮದ ಹಾಗೆ ಗಟ್ಟಿ, ನುಣುಪು. ಅದು ಕಲ್ಲಿನ ಮೇಲೆ ಹಬ್ಬುತ್ತಾ ಹೋದಂತೆ ಹೊಸ ಹೊಸ ಪಾಲಿಪ್‌ಗಳು, ಅಂದರೆ ಹೂವಿನಂಥ ಪುಟ್ಟ ಜೀವಗಳು, ಏಳುತ್ತವೆ. ಇದಕ್ಕೆ ಹ್ಯಾಮರ್‌ನಂತೆ ಜೋರಾಗಿ ಕುಟುಕುವ ಶಕ್ತಿ ಇಲ್ಲ. ಸುಮ್ನೆ ಮೇಲೆ ಹಾಸಿಕೊಳ್ಳುತ್ತದೆ, ಅಷ್ಟೇ. ಕೆಳಗೆ ಸಿಕ್ಕವರಿಗೆ ಬೆಳಕಿಲ್ಲ, ನೀರಿನ ಓಡಾಟವಿಲ್ಲ. ಹವಳದ ಮೈಯೊಳಗಿರುವ ಪಾಚಿಗೆ ಬೆಳಕು ಸಿಗದಿದ್ದರೆ ಹವಳದ ಊಟದ ಬಹುಪಾಲು ನಿಂತಂತೆ. ನನ್ನ ಹ್ಯಾಮರ್‌ನ ಎರಡು ತಲೆಗಳ ಕತ್ತಿನವರೆಗೆ ಆ ಚಾಪೆ ಬಂದು ನಿಂತಿತ್ತು.

ಎರಡು ವರ್ಷದ ಹಿಂದೆ ಆ ಗ್ರೀನ್ ಸ್ಟಾರನ್ನು ತಂದಾಗ ಹನ್ನೆರಡು ಪಾಲಿಪ್ ಇದ್ದವು. ಎಣಿಸಿದ್ದೆ. ಹೆಬ್ಬೆಟ್ಟಿನಷ್ಟು ತುಂಡು. ಹೊಸಬರಿಗೆ ಇದೇ ಸರಿ, ಏನೂ ಆಗುವುದಿಲ್ಲ ಎಂದು ಕೊಟ್ಟವರು ಹೇಳಿದ್ದರು. ಅದು ನಿಜವೇ. ಟ್ಯಾಂಕಿನ ನಟ್ಟನಡುವಿನ ದೊಡ್ಡ ಕಲ್ಲಿಗೆ, ಚೆನ್ನಾಗಿ ಕಾಣಲಿ ಎಂದು ಅಂಟು ಹಾಕಿ ಕೂರಿಸಿದೆ. ಮೂರು ತಿಂಗಳು ಹಾಗೇ ಇತ್ತು. ಆಮೇಲೆ ವಾರಕ್ಕೊಂದು ಹೊಸ ಅಂಚು. ಅಂಗೈಯಷ್ಟಾದಾಗ ಎಷ್ಟು ಖುಷಿಪಟ್ಟಿದ್ದೆ! ನೀಲಿ ದೀಪದಲ್ಲಿ ಅದು ಹೊಳೆಯುವುದನ್ನು ನೋಡಬೇಕು. ಒಂದೊಂದು ಪಾಲಿಪ್‌ಗೂ ಎಂಟು ಎಸಳು, ನಡುವೆ ತಿಳಿ ಬಣ್ಣದ ಚುಕ್ಕೆ. ಪಂಪಿನ ನೀರು ಬೀಸಿದರೆ ಇಡೀ ಹಸಿರು ಒಟ್ಟಿಗೆ ಬಾಗುತ್ತದೆ. ಒಂದು ಕಡೆ ಮುಟ್ಟಿದರೆ ಸುತ್ತಲಿನವೂ ಒಳಗೆ ಸೇರಿಕೊಂಡು ಬರೀ ನೇರಳೆ ಉಳಿಯುತ್ತದೆ. ಇವತ್ತಿಗೂ ನನಗೆ ಅದು ಇಷ್ಟವೇ. ತಪ್ಪು ಅದರದ್ದಲ್ಲ, ನಾನು ಇಟ್ಟ ಜಾಗದ್ದು. ಕಡಲಿನಲ್ಲಾದರೆ ಅಲೆ ಇದೆ, ಕಚ್ಚಿ ತಿನ್ನುವವರಿದ್ದಾರೆ, ಪಕ್ಕದಲ್ಲಿ ಪೈಪೋಟಿ ಇದೆ. ನನ್ನ 200 ಲೀಟರಿನಲ್ಲಿ ಅದನ್ನು ತಡೆಯುವವರು ಯಾರಿದ್ದರು?

ತಮ್ಮನಿಗೆ ಫೋನ್ ಮಾಡಿದೆ. ಅವನೂ ಸಣ್ಣದೊಂದು ರೀಫ್ ಟ್ಯಾಂಕ್ ಇಟ್ಟಿದ್ದಾನೆ. "ಅಕ್ಕಾ, ಕಲ್ಲನ್ನೇ ಎತ್ತಿ ಹೊರಗಿಡೋಕೆ ಆಗಲ್ವಾ?" ಎಂದು ಕೇಳಿದ. ಆಗುವುದಿಲ್ಲ. ಆ ಕಲ್ಲಿನ ಮೇಲೇ ಉಳಿದ ಕಲ್ಲುಗಳು ನಿಂತಿವೆ, ಅಡಿಯಲ್ಲಿ ಗೋಬಿ ಮೀನಿನ ಬಿಲವಿದೆ. "ಹಾಗಾದ್ರೆ ನಾನು ಬರ್ತೀನಿ, ಪೈಪ್ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ" ಎಂದ.

ಮೊದಲು ಕೈಗವಸು, ಕಣ್ಣಿಗೆ ಕನ್ನಡಕ. ಈ ವಿಷಯದಲ್ಲಿ ನಾನು ತುಂಬಾ ಗಟ್ಟಿ. ಅದೇ ಕಲ್ಲಿನ ಇನ್ನೊಂದು ಮಗ್ಗುಲಲ್ಲಿ ಜೋವಾಂತಿಡ್‌ಗಳೆಂಬ, ಹವಳದ ನೆಂಟರಾದ ಜೀವಿಗಳಿವೆ. ಅವುಗಳ ಬಳಗದ ಪಾಲಿಥೋವಾದಿಂದ ಪಾಲಿಟಾಕ್ಸಿನ್ ಎಂಬ ವಿಷವನ್ನು ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿ, 1971ರಲ್ಲಿ ಪ್ರಕಟಿಸಿದರು. ಎಲ್ಲ ಜೋವಾಂತಿಡ್‌ಗಳಲ್ಲೂ ಅದು ಇರುವುದಿಲ್ಲ. ಆದರೆ ಯಾವುದರಲ್ಲಿದೆ ಎಂದು ಕಣ್ಣಿಂದ ನೋಡಿ ಹೇಳಲು ಬರುವುದಿಲ್ಲ. ಗಾಯದ ಕೈ ಅದರ ಹತ್ತಿರ ಹೋಗಬಾರದು. ಹವಳ ಹಬ್ಬಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಂತೂ ಬೇಡವೇ ಬೇಡ. ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ಪಂಪುಗಳನ್ನು ನಿಲ್ಲಿಸಿದೆವು. ನೀರು ನಿಂತಿದ್ದರೆ ಕಿತ್ತ ಚೂರು ಬೇರೆ ಕಡೆ ಹೋಗಿ ಕೂರುವುದಿಲ್ಲ. ಇದು ಗರಿಕೆಯ ಹಾಗೆ, ಒಂದು ಗೆಣ್ಣು ಉಳಿದರೂ ಮತ್ತೆ ಚಿಗುರುತ್ತದೆ. ಹೇಗೂ ನೀರು ಬದಲಿಸುವ ದಿನ, ಅದನ್ನೇ ಇದಕ್ಕೂ ಬಳಸಿಕೊಂಡೆವು. ನಾನು ಕೀಳುವುದು, ಪಕ್ಕದಲ್ಲೇ ತಮ್ಮ ಪೈಪಿನ ಬಾಯಿ ಹಿಡಿದು ಚೂರುಗಳ ಸಮೇತ ನೀರನ್ನು ಬಕೆಟಿಗೆ ಎಳೆಯುವುದು.

ಮೊಂಡ ಸ್ಕ್ರೂಡ್ರೈವರ್ ತುದಿಯಿಂದ ಅಂಚನ್ನು ಎಬ್ಬಿಸಿದೆ. ಎಬ್ಬಿಸುವುದೇ ಕಷ್ಟ. ಒಮ್ಮೆ ಎದ್ದರೆ, ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ಹಾಳೆಯಂತೆ ಬರುತ್ತದೆ. ನಯವಾದ ಕಲ್ಲಿನ ಮೇಲೆ ಅಂಗೈಯಗಲದ ತುಂಡೇ ಬಂತು. ತೂತುಗಳಿದ್ದ ಕಡೆ ಹರಿದು ಹರಿದು ಬಂತು. ಚಾಪೆಯ ಅಡಿಯ ಕಲ್ಲು ಬಿಳಿಚಿಕೊಂಡಿತ್ತು, ಎರಡು ವರ್ಷ ಅದು ಬೆಳಕು ಕಂಡಿರಲಿಲ್ಲ. ಅಲ್ಲಿಂದ ನಕ್ಷತ್ರಮೀನಿನ ನೆಂಟನಾದ ಒಂದು ಪುಟ್ಟ ಬ್ರಿಟಲ್ ಸ್ಟಾರ್ ಹೊರಬಂತು. ದಾರದಂಥ ಐದು ಕೈಗಳು. ಒಂದು ಕೈ ಮುಂದೆ ಚಾಚಿ, ಕಲ್ಲು ತಡವಿ, ಬೆಳಕು ಬೀಳುತ್ತಿದ್ದಂತೆ ಅವಸರದಲ್ಲಿ ಹತ್ತಿರದ ತೂತಿಗೆ ಇಳಿಯಿತು. ಕೊನೆಯ ಕೈಯೂ ಒಳಗೆ ಹೋಗುವವರೆಗೆ ಇಬ್ಬರೂ ಸುಮ್ಮನೆ ನಿಂತೆವು.

ಹ್ಯಾಮರ್ ಭಾಗಕ್ಕೆ ಕೈ ಹಾಕುವಾಗ ಮಾತ್ರ ನನ್ನ ಕೈ ನಡುಗಿತು. ಜೀವಂತ ಮಾಂಸದ ಹತ್ತಿರ ಕೆರೆದರೆ ಅದಕ್ಕೇ ಗಾಯ. ಹಾಗಾಗಿ ಚಾಪೆ ಮುಟ್ಟದ ಜಾಗ ನೋಡಿ, ಮೂಳೆ ಕತ್ತರಿಸುವ ಬೋನ್ ಕಟರ್‌ನಂಥ ಗಟ್ಟಿ ಕತ್ತರಿಯಿಂದ ಕಾಂಡವನ್ನೇ ಕತ್ತರಿಸಿದೆ. ಟಪ್ ಎಂದು ಶಬ್ದ. ಮೇಲಿನ ಮೂರು ತಲೆ ಒಂದೇ ತುಂಡಾಗಿ ಬಂತು. ಕೆಳಗಿನ ಎರಡರಲ್ಲಿ ಒಂದಕ್ಕೆ ಕತ್ತರಿಸಲು ಅರ್ಧ ಇಂಚು ಜಾಗವಿತ್ತು. ಇನ್ನೊಂದರಲ್ಲಿ ಚಾಪೆ ಆಗಲೇ ಅಂಚು ದಾಟಿತ್ತು. ಅದು ಉಳಿಯಲಿಲ್ಲ. ಬಹಳ ಬೇಜಾರಾಯಿತು.

ಎರಡೂವರೆ ಗಂಟೆ ಹಿಡಿಯಿತು. ಹೊಸ ಉಪ್ಪುನೀರು ತುಂಬಿ, ಫಿಲ್ಟರಿಗೆ ಹೊಸ ಇದ್ದಿಲು ಹಾಕಿ, ಪಂಪ್ ಹಚ್ಚಿದೆವು. ಹರಿದ ಹವಳಗಳಿಂದ ಏನೇನೋ ನೀರಿಗೆ ಬಿಟ್ಟಿರುತ್ತದೆ, ಇದ್ದಿಲು ಅದನ್ನು ಹೀರುತ್ತದೆ. ಮುಂದಿನ ಮೂರು ದಿನ ಅಮೋನಿಯಾ ಪರೀಕ್ಷೆ ತಪ್ಪಿಸಲಿಲ್ಲ.

ಕಿತ್ತ ಚಾಪೆಯಲ್ಲಿ ಒಂದು ತುಂಡನ್ನು ಚಿಕ್ಕ ಕಲ್ಲಿಗೆ ಅಂಟಿಸಿ, ಮುಂದಿನ ಮರಳಿನ ನಡುವೆ ಇಟ್ಟೆ. ಸುತ್ತ ನಾಲ್ಕು ಬೆರಳು ಬರೀ ಮರಳು. ಉಳಿದದ್ದನ್ನು ಜೀವಂತವಾಗಿ ಚರಂಡಿಗೆ ಸುರಿಯಲಿಲ್ಲ. ಪೂರ್ತಿ ಒಣಗಿಸಿ ಎಸೆದೆ. ವೆನಿಜುವೆಲಾದ ಕರಾವಳಿ ನನಗೆ ನೆನಪಿತ್ತು. ಝೀನಿಯಾ ಎಂಬ ಮೆತ್ತನೆ ಹವಳದ ಬಳಗದ ಯುನೋಮಿಯಾ ಸ್ಟೋಲೋನಿಫೆರಾ ಎಂಬ ಹವಳ ಹುಟ್ಟಾ ಇಂಡೋ-ಪೆಸಿಫಿಕ್ ಕಡೆಯದು. 2000ದ ನಂತರದ ವರ್ಷಗಳಲ್ಲಿ ಅದು ಅಲ್ಲಿ ಕಾಣಿಸಿಕೊಂಡು, ಸ್ಥಳೀಯ ಹವಳಗಳ ಮೇಲೆ, ಕಡಲಹುಲ್ಲಿನ ಮೇಲೆ ಹಬ್ಬಿಬಿಟ್ಟಿದೆ. ಅಕ್ವೇರಿಯಂ ವ್ಯಾಪಾರದಿಂದಲೇ ಹೋಗಿದ್ದು ಎಂದು ನಂಬಲಾಗಿದೆ. ಟ್ಯಾಂಕಿನಲ್ಲಾದರೆ ಒಂದು ಭಾನುವಾರದಲ್ಲಿ ಕೀಳಬಹುದು. ಕಡಲಲ್ಲಿ ಯಾರು ಕೀಳುತ್ತಾರೆ?

ಮೂರು ವಾರಕ್ಕೆ ದೊಡ್ಡ ಕಲ್ಲಿನ ಎರಡು ಬಿರುಕಿನಲ್ಲಿ ಮತ್ತೆ ಹಸಿರು ಇಣುಕಿತು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಗಟ್ಟಿ ಪೇಸ್ಟಿನಂತೆ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಬಿರುಕಿಗೆ ಮೆತ್ತಿದೆ. ಒಂದು ದಿನಕ್ಕೆ ಒಂದೇ ಬಿರುಕು. ಜಾಸ್ತಿ ಹಾಕಿದರೆ ನೀರಿನ ಪಿಎಚ್ ಏರಿ ಮೀನುಗಳಿಗೆ ತೊಂದರೆ. ಈಗಲೂ ಶನಿವಾರ ರಾತ್ರಿ ಟಾರ್ಚ್ ಹಿಡಿದು ಆ ಬಿರುಕುಗಳನ್ನು ನೋಡುತ್ತೇನೆ.

ಮೊನ್ನೆ ತಮ್ಮ ಕೇಳಿದ, "ಅಕ್ಕಾ, ಆ ಹಸಿರು ನನಗೂ ಒಂಚೂರು ಕೊಡ್ತೀಯಾ?" ನೋಡಿದ ಮೇಲೂ ಆಸೆ. ನನಗೆ ಅರ್ಥವಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಕಲ್ಲಿಗೆ ಹನ್ನೆರಡು ಪಾಲಿಪ್‌ನ ತುಂಡು ಅಂಟಿಸಿ, ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಅವನ ಕೈಗೆ ಕೊಡಲಿಲ್ಲ. ಅಂಗಿಯ ತೋಳು ಮಡಿಸಿ, ಮರಳಿನ ನಟ್ಟನಡುವೆ ನಾನೇ ಇಟ್ಟು ಬಂದೆ.