ಟ್ರಕ್ ಅಪ್‌ಡೇಟ್: ಎಸಿ ಫ್ಯಾನ್ ವೈರಿಂಗ್ ಮುಗೀತು, ಗ್ಯಾಸ್ ಬಾಕಿ

ಹೊಸ ಎಂಜಿನ್ ಕೂತ ಮೇಲೆ ಹಳೇ ಬೆಲ್ಟ್ ಫ್ಯಾನಿಗೆ ಜಾಗವೇ ಇಲ್ಲ. ಅದಕ್ಕೇ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಸಮೇತ ಎರಡು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ್ದೇನೆ. ಎಂಜಿನ್ ಮಟ್ಟಿಗೆ ಚಿಂತೆಯಿಲ್ಲ, ಕೂಲೆಂಟ್ ಬಿಸಿಯಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಫ್ಯಾನ್ ಹಾಕುತ್ತದೆ. ತಲೆನೋವು ಎಸಿಯದ್ದು. ಕೂಲೆಂಟ್ ಇನ್ನೂ ಬಿಸಿಯೇ ಆಗಿರಲ್ಲ, ಆದರೂ ಗಾಡಿ ನಿಂತಿದ್ದಾಗ ಕಂಡೆನ್ಸರ್‌ಗೆ (ಎಸಿ ಗ್ಯಾಸಿನ ಬಿಸಿ ಹೊರಹಾಕುವ ಭಾಗ) ಗಾಳಿ ಬೇಕೇ ಬೇಕು.

ಎಸಿ ಕಂಪ್ರೆಸರನ್ನು ಆನ್-ಆಫ್ ಮಾಡುವ ಕ್ಲಚ್ಚಿನ ವೈರಿನಿಂದಲೇ ಫ್ಯಾನ್ ರಿಲೇಗೆ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಟ್ರಿಗರ್ ಕೊಡೋದು ಸುಲಭ. ನನಗದು ಒಪ್ಪಿಗೆಯಾಗಲಿಲ್ಲ. ಗ್ಯಾಸ್ ಪ್ರೆಶರ್ ಮಿತಿ ಮೀರಿದರೆ ಪ್ರೆಶರ್ ಸ್ವಿಚ್ ಕ್ಲಚ್ಚನ್ನು ಕಟ್ ಮಾಡುತ್ತದೆ. ಆಗ ಜೊತೆಗೇ ಫ್ಯಾನೂ ನಿಲ್ಲುತ್ತದೆ. ಗಾಳಿ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತು ಅದೇ ಅಲ್ವಾ? ಹಾಗಾಗಿ ಪ್ರೆಶರ್ ಸ್ವಿಚ್‌ಗಿಂತ ಮುಂಚೆ, ಡ್ಯಾಶ್‌ನ ಎಸಿ ಬಟನ್‌ನಿಂದ ಬರುವ ವೈರಿನಲ್ಲೇ ಟ್ರಿಗರ್ ತೆಗೆದುಕೊಂಡೆ.

ಸ್ಪೀಡ್ ಎರಡು, ರಿಲೇ ಮೂರು. ಮೊದಲನೇ ರಿಲೇ ಒಂದೇ ಆನ್ ಆದರೆ ಎರಡೂ ಫ್ಯಾನ್ ಸೀರೀಸ್‌ನಲ್ಲಿ ಓಡುತ್ತವೆ, ಒಂದೊಂದಕ್ಕೂ ಬ್ಯಾಟರಿ ವೋಲ್ಟೇಜಿನ ಅರ್ಧ ಮಾತ್ರ; ಇದೇ ಲೋ ಸ್ಪೀಡ್. ನಡುವಿನದು ಐದು ಪಿನ್ನಿನ ಚೇಂಜ್‌ಓವರ್ ರಿಲೇ. ಮೊದಲ ಫ್ಯಾನಿನ ನೆಗೆಟಿವ್ ಇದರ 30ನೇ ಪಿನ್ನಿಗೆ (ರಿಲೇ ಆಫ್ ಇದ್ದಾಗ ಇದು 87ಎಗೆ, ಆನ್ ಆದಾಗ 87ಕ್ಕೆ ಕೂಡುತ್ತದೆ), 87ಎ ಎರಡನೇ ಫ್ಯಾನಿನ ಪಾಸಿಟಿವ್‌ಗೆ, 87 ಅರ್ತಿಗೆ. ಮೂರನೇ ರಿಲೇ ಎರಡನೇ ಫ್ಯಾನಿಗೆ ನೇರ ಪಾಸಿಟಿವ್ ಕೊಡುತ್ತದೆ. ಮೊದಲನೆಯದರ ಜೊತೆ ಇದೂ ಮೂರನೆಯದೂ ಆನ್ ಆದರೆ ಎರಡೂ ಫ್ಯಾನಿಗೆ ಪೂರ್ತಿ ವೋಲ್ಟೇಜ್, ಅಂದರೆ ಹೈ ಸ್ಪೀಡ್. ಮೊದಲನೆಯದು ಆಫ್ ಇದ್ದು ಉಳಿದೆರಡೇ ಆನ್ ಆದರೆ ಮಾತ್ರ ಒಂದೇ ಫ್ಯಾನ್ ಓಡುತ್ತದೆ.

ಎಸಿ ಬಟನ್ ಒತ್ತಿದರೆ ಲೋ ಸ್ಪೀಡ್. ಬಟನ್‌ನಿಂದ ಬರೋದು ಪಾಸಿಟಿವ್, ರಿಲೇಗೆ ಬೇಕಾಗಿರೋದು ಅರ್ತ್ ಟ್ರಿಗರ್. ಅದಕ್ಕೆ ನಡುವೆ ಒಂದು ಚಿಕ್ಕ ರಿಲೇ. ಹೈ ಸ್ಪೀಡ್ ಕೆಲಸ ಟ್ರೈನರಿ ಸ್ವಿಚ್‌ಗೆ ಬಿಟ್ಟಿದ್ದೇನೆ. ಎಸಿ ಗ್ಯಾಸಿನ ಪ್ರೆಶರ್ ನೋಡಿ ಕೆಲಸ ಮಾಡುವ ನಾಲ್ಕು ವೈರಿನ ಸ್ವಿಚ್ ಇದು, ಮೇಲೆ ಹೇಳಿದ ಪ್ರೆಶರ್ ಸ್ವಿಚ್ ಇದೇ. ಎರಡು ವೈರು ಕ್ಲಚ್ಚಿಗೆ: ಸುಮಾರು 30 ಪಿಎಸ್‌ಐಗಿಂತ (ಪ್ರೆಶರಿನ ಅಳತೆ) ಕಡಿಮೆಯಾದರೆ ಅಥವಾ 400ರ ಆಸುಪಾಸು ಮುಟ್ಟಿದರೆ ಕಟ್. ಉಳಿದೆರಡು 250ರ ಹತ್ತಿರ ಕೂಡಿ ಫ್ಯಾನ್ ರಿಲೇಗಳಿಗೆ ಅರ್ತ್ ಕೊಡುತ್ತವೆ. ಇಸಿಯು ಕೂಡ ಅರ್ತ್‌ಗೇ ಎಳೆಯೋದರಿಂದ ರಿಲೇಯ ಒಂದೇ ಕಾಯಿಲ್ ವೈರನ್ನು ಹಂಚಿಕೊಳ್ಳಬಹುದು. ಆದರೆ ಕೆಲವು ಇಸಿಯುಗಳು ಇದನ್ನು ಶಾರ್ಟ್ ಅಂದುಕೊಂಡು ಚೆಕ್ ಎಂಜಿನ್ ಲೈಟ್ ಹಾಕುತ್ತವೆ. ನನ್ನದು ಸದ್ಯಕ್ಕೆ ಸುಮ್ಮನಿದೆ.

ಫ್ಯೂಸ್ ಫ್ಯಾನಿಗೊಂದು, 40 ಆಂಪ್, ಬ್ಯಾಟರಿ ಪಕ್ಕದಲ್ಲೇ. ವೈರು 6 ಚದರ ಮಿಮೀ. ಓಡುವಾಗಿನ ಕರೆಂಟ್ ನೋಡಿದರೆ ಇಷ್ಟು ಯಾಕೆ ಅನ್ನಿಸಬಹುದು. ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ಅರ್ತ್ ವೈರೂ ಅಷ್ಟೇ ದಪ್ಪ ಇರಲಿ, ಪೇಂಟ್ ಕೆರೆದು ಲೋಹಕ್ಕೇ ಬೋಲ್ಟ್ ಮಾಡಿ.

ಗ್ಯಾಸ್ ಇಲ್ಲದೆ ಟ್ರೈನರಿ ಕೂಡಲ್ಲ. ಅದರ ಫ್ಯಾನ್ ವೈರುಗಳನ್ನು ಜಂಪರ್‌ನಿಂದ ಸೇರಿಸಿ ನೋಡಿದೆ, ಎರಡೂ ಸ್ಪೀಡ್ ಸರಿಯಾಗಿ ಬಂದವು. ಐಡಲ್‌ನಲ್ಲಿ ಹೈ ಸ್ಪೀಡ್ ಹಾಕಿದಾಗ ವೋಲ್ಟೇಜ್ 13.4. ಹೆಡ್‌ಲೈಟು, ಬ್ಲೋವರ್ ಎಲ್ಲಾ ಸೇರಿದರೆ 13ಕ್ಕಿಂತ ಕೆಳಗೆ ಹೋಗುತ್ತದೆ. ಆಲ್ಟರ್ನೇಟರ್ ಪುಲ್ಲಿ ಸ್ವಲ್ಪ ಚಿಕ್ಕದು ಹಾಕಬೇಕು. ಅದಾದ ಮೇಲೆ ವ್ಯಾಕ್ಯೂಮ್ ಎಳೆದು (ಪೈಪಿನೊಳಗಿನ ಗಾಳಿ ತೆಗೆದು) ಎಸಿ ಗ್ಯಾಸ್ ಆರ್134ಎ ತುಂಬಿಸೋದು.