ಬಿಸಿಲೇರಿದರೆ ಎಚ್ಚರಗೊಳ್ಳುವ ಆಂಪ್: ಬ್ಯಾಟರಿ ಸೋರಿಕೆ ಕೊನೆಗೂ ಸಿಕ್ಕಿತು

ಕೊನೆಗೂ ಸಿಕ್ಕಿತು! ವ್ಯಾಗನ್‌ಆರ್ ಕಾರಿನ ಬ್ಯಾಟರಿಯನ್ನು ಬರಿದು ಮಾಡುತ್ತಿದ್ದದ್ದು ಸೀಟಿನ ಕೆಳಗಿನ ಆಂಪ್, ಅಂದರೆ ಸ್ಪೀಕರಿಗೆ ಬಲ ಕೊಡುವ ಆಂಪ್ಲಿಫೈಯರ್. ಕೀಲಿ ತೆಗೆದ ಮೇಲೂ ಅದನ್ನು ಎಬ್ಬಿಸುತ್ತಿದ್ದದ್ದು ಸ್ಟೀರಿಯೊದಿಂದ ಬರುವ ನೀಲಿ-ಬಿಳಿ ರಿಮೋಟ್ ತಂತಿ, ಅಂದರೆ ಆಂಪ್ ಆನ್ ಆಗಲು ಸಂಕೇತ ಕೊಡುವ ತಂತಿ. ಅದೂ ಬಿಸಿಲೇರಿದ ಮೇಲೆ ಮಾತ್ರ.

ಹಳದಿ-ಕೆಂಪು ತಂತಿಗಳ ಅದಲುಬದಲು, ಡಿಕ್ಕಿಯ ದೀಪ, ಆಲ್ಟರ್ನೇಟರ್ ಡಯೋಡ್ ಮುಂತಾದ ಮಾಮೂಲಿ ತಪಾಸಣೆಗಳ ಕಥೆ ಬೇಡ, ಅವೆಲ್ಲ ಸರಿಯಾಗಿಯೇ ಇದ್ದವು. ಬೆಳಗಿನ ತಂಪಿನಲ್ಲಿ ಮೀಟರ್ ಹಿಡಿದರೆ, ಗಾಡಿ ಆಫ್ ಇದ್ದಾಗಿನ ಒಟ್ಟು ಸೋರಿಕೆ 25 ಮಿಲಿಆಂಪಿಯರ್. ಐವತ್ತರೊಳಗಿದ್ದರೆ ಚಿಂತೆಯಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಲೆಕ್ಕ. ಈ ದರದಲ್ಲಿ 35 ಆಂಪಿಯರ್-ಅವರ್ ಬ್ಯಾಟರಿ ತಿಂಗಳೊಪ್ಪತ್ತಾದರೂ ಗಾಡಿ ಎಬ್ಬಿಸಬೇಕು. ಆದರೆ ಕಲಬುರಗಿಯ ಬಿಸಿಲಿನಲ್ಲಿ ಎರಡು ಮೂರು ದಿನ ನಿಲ್ಲಿಸಿದರೆ ಸಾಕು, ಸ್ಟಾರ್ಟರ್ ಬರೀ ಟಿಕ್ ಎನ್ನುತ್ತಿತ್ತು. ತೋರಿಸಿದ ಕಡೆಯೆಲ್ಲ ಒಂದೇ ಉತ್ತರ: "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿ." ಹಾಕಿಸಿದೆ. ಹೊಸದೂ ಅದೇ ಗತಿ ಕಂಡಿತು.

ಮೀಟರನ್ನು ಬ್ಯಾಟರಿಯ ಸರಣಿಯಲ್ಲಿ ಸೇರಿಸುವ ಪದ್ಧತಿ ಇಲ್ಲಿ ಕೈಕೊಡುತ್ತದೆ. ಟರ್ಮಿನಲ್ ಬಿಚ್ಚಿದ ಕೂಡಲೇ ಆಂಪ್ ಪೂರ್ತಿ ಆರಿಹೋಗುತ್ತದೆ, ಮತ್ತೆ ಜೋಡಿಸಿದರೆ ಹೊಸದಾಗಿ ಎಚ್ಚರಗೊಳ್ಳಬೇಕೆಂದಿಲ್ಲ. ಅದಕ್ಕೇ ಏನನ್ನೂ ಬಿಚ್ಚದೆ, ಆಂಪ್ ತಂತಿಯ 30 ಆಂಪಿಯರ್ ಫ್ಯೂಸಿನ ಬೆನ್ನ ಮೇಲಿರುವ ಎರಡು ಪುಟ್ಟ ಲೋಹದ ಚುಕ್ಕೆಗಳಿಗೆ ಮೀಟರಿನ ಮೊನೆ ತಾಗಿಸಿ ಮಿಲಿವೋಲ್ಟ್ ಓದಿದೆ; ಫ್ಯೂಸಿನಲ್ಲಿ ವಿದ್ಯುತ್ ಹರಿಯುತ್ತಿದ್ದರೆ ಮಾತ್ರ ಅಲ್ಲಿ ವೋಲ್ಟೇಜ್ ಕಾಣುತ್ತದೆ. ಬೆಳಿಗ್ಗೆ ಸೊನ್ನೆ. ಮಧ್ಯಾಹ್ನ ಡ್ಯಾಶ್‌ಬೋರ್ಡ್ ಮುಟ್ಟಲಾಗದಷ್ಟು ಕಾದಿದ್ದಾಗ ಓದಿದರೆ ಸುಮಾರು ಒಂದೂವರೆ ಮಿಲಿವೋಲ್ಟ್. ಕ್ಲ್ಯಾಂಪ್ ಮೀಟರನ್ನು (ತಂತಿ ಬಿಚ್ಚದೆ ಸುತ್ತ ಹಿಡಿದು ಅಳೆಯುವಂಥದ್ದು) ಹಾಕಿದಾಗ 0.85 ಆಂಪಿಯರ್! ದಿನಕ್ಕೆ ಎಂಟು ಗಂಟೆ ಹೀಗೆ ಹರಿದರೆ ಏಳು ಆಂಪಿಯರ್-ಅವರ್ ಹತ್ತಿರ ಖರ್ಚು. ಮೂರು ದಿನಕ್ಕೆ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಖಾಲಿ.

ಸ್ಟೀರಿಯೊವನ್ನು ಹೊರಗೆಳೆದು, ಕನೆಕ್ಟರ್ ಬಿಚ್ಚದೆ, ರಿಮೋಟ್ ತಂತಿಯಲ್ಲಿ ಅಳೆದೆ. ಕೀಲಿ ನನ್ನ ಜೇಬಿನಲ್ಲಿತ್ತು. ಸೊನ್ನೆ ಇರಬೇಕಾದ ಕಡೆ 3.1 ವೋಲ್ಟ್. ಮನೆಯಿಂದ ಹೇರ್ ಡ್ರೈಯರ್ ತಂದು ಸ್ಟೀರಿಯೊ ಹಿಂಬದಿಗೆ ಬಿಸಿಗಾಳಿ ಬಿಟ್ಟೆ. ನಾಲ್ಕು, ಐದೂವರೆ, ಆರೂವರೆ... 7.4 ತಲುಪುತ್ತಿದ್ದಂತೆ ಸೀಟಿನ ಕೆಳಗೆ ಹಸಿರು ದೀಪ ಹೊತ್ತಿಕೊಂಡಿತು. ಗಾಳಿ ನಿಲ್ಲಿಸಿ ತಣಿಯಲು ಬಿಟ್ಟರೆ ದೀಪ ಆರಿತು. ಮತ್ತೆ ಬಿಸಿ ಮಾಡಿದರೆ ಮತ್ತೆ ಹೊತ್ತಿತು. ಆ ಹಸಿರು ದೀಪ ನೋಡಿ ನನಗಾದ ಸಂತೋಷವನ್ನು ಈ ಹವ್ಯಾಸದಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ರಿಮೋಟ್ ತಂತಿಗೆ ವಿದ್ಯುತ್ ಕೊಡುವುದು ಸ್ಟೀರಿಯೊ ಒಳಗಿನ ಒಂದು ಸಣ್ಣ ಟ್ರಾನ್ಸಿಸ್ಟರ್. ಆಂಪ್‌ಗೆ ಸಂಕೇತ ಕೊಡುವುದಷ್ಟೇ ಅದರ ಕೆಲಸ. ಅಳವಡಿಸಿಕೊಟ್ಟ ಅಂಗಡಿಯವರು ಆಂಪ್ ತಣಿಸುವ ಫ್ಯಾನನ್ನೂ ಅದೇ ತಂತಿಗೆ ಕಟ್ಟಿದ್ದರು. ಹೆಚ್ಚಿನ ಹೊರೆ ಹೊತ್ತು ಟ್ರಾನ್ಸಿಸ್ಟರ್ ಹಾಳಾಗಿದೆ, ಆಫ್ ಇದ್ದಾಗಲೂ ಸೋರುತ್ತದೆ. ಅರೆವಾಹಕದ ಸೋರಿಕೆ ಪ್ರತಿ 10 ಡಿಗ್ರಿಗೆ ಸುಮಾರು ಎರಡು ಪಟ್ಟಾಗುವುದರಿಂದ ಬೆಳಿಗ್ಗೆ ನಿರುಪದ್ರವಿ, ಮಧ್ಯಾಹ್ನ ಉಪದ್ರವಿ. ಫ್ಯಾನ್ ಸುಟ್ಟುಹೋದಾಗ ಅದನ್ನು ತೆಗೆದವರೂ ಅವರೇ, ತಂತಿ ಪರೀಕ್ಷಿಸುವ ಗೋಜಿಗೆ ಹೋಗಲಿಲ್ಲ. ದುಡ್ಡು ತೆಗೆದುಕೊಂಡ ಮೇಲೆ ಇಷ್ಟೂ ಮಾಡದಿರುವುದು ನನ್ನ ಮಟ್ಟಿಗೆ ಅನ್ಯಾಯ.

ಖಾತ್ರಿಗೆಂದು, ಸೋರುವ ವಿದ್ಯುತ್ ಹರಿದುಹೋಗಲಿ ಎಂದು, ರಿಮೋಟ್ ತಂತಿಗೂ ಕಾರಿನ ಬಾಡಿಗೂ ನಡುವೆ 1 ಕಿಲೋಓಮ್, ಅರ್ಧ ವಾಟಿನ ರೆಸಿಸ್ಟರ್ ಕಟ್ಟಿದೆ. ಎಷ್ಟು ಕಾಯಿಸಿದರೂ ವೋಲ್ಟೇಜ್ ಒಂದನ್ನು ದಾಟಲಿಲ್ಲ. ಹಾಗೆಂದು ಅದನ್ನೇ ನಂಬಿ ಕೂರುವಂತಿಲ್ಲ, ಹಾಳಾದ ಟ್ರಾನ್ಸಿಸ್ಟರ್ ಇನ್ನೂ ಹಾಳಾಗಬಹುದು. ಸ್ಟೀರಿಯೊದ ರಿಮೋಟ್ ತಂತಿಗೆ ಟೇಪು ಸುತ್ತಿ ಬಿಟ್ಟು, ಫ್ಯೂಸ್ ಬಾಕ್ಸಿನ ಎಸಿಸಿ ಲೈನಿನಿಂದ (ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಲೈನು) ರಿಲೇ, ಅಂದರೆ ವಿದ್ಯುತ್ತಿನಿಂದ ಚಲಿಸುವ ಸ್ವಿಚ್ ಓಡಿಸಿ, ಅದರ 30 ಮತ್ತು 87ನೇ ಪಿನ್ನುಗಳ ಮೂಲಕ ಆಂಪ್‌ಗೆ ಸಂಕೇತ ಕೊಟ್ಟಿದ್ದೇನೆ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್, ರಿಲೇ ಆಫ್ ಆಗುವಾಗ ಏಳುವ ವೋಲ್ಟೇಜ್ ತಡೆಯಲು. ರಿಲೇ ತರಿಸುವುದೇ ದೊಡ್ಡ ರಗಳೆಯಾಯಿತು: ಕೊರಿಯರ್‌ನಲ್ಲಿ ಮೊದಲು ಬಂದದ್ದು 24 ವೋಲ್ಟಿನದು, ಲಾರಿಗೆ ಹಾಕುವಂಥದ್ದು. ಹಿಂದಿರುಗಿಸುವ ಖರ್ಚೂ ನನ್ನದೇ ಅಂತೆ!

ಇದರ ನಡುವೆ ಮುಂದಿನ ಕೆಲಸವೂ ಹುಟ್ಟಿಕೊಂಡಿದೆ: ಬ್ಯಾಟರಿ ವೋಲ್ಟೇಜ್ ನೋಡುತ್ತಿದ್ದು 12.2 ವೋಲ್ಟಿಗೆ ಇಳಿದಾಗ ಮೊಬೈಲಿಗೆ ತಿಳಿಸುವ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಇಎಸ್‌ಪಿ32 ಕಾವಲುಗಾರ. ಚಿಪ್ ಗಾಢ ನಿದ್ರೆಯಲ್ಲಿ ಹತ್ತು ಮೈಕ್ರೊಆಂಪಿಯರ್ ಆಸುಪಾಸಿನಲ್ಲಿ ಬದುಕುತ್ತದೆ, ಆದರೆ ಅಗ್ಗದ ಬೋರ್ಡುಗಳ ರೆಗ್ಯುಲೇಟರ್ ಮತ್ತು ಸದಾ ಉರಿಯುವ ಎಲ್‌ಇಡಿ ಸೇರಿ ಹಲವು ಮಿಲಿಆಂಪಿಯರ್ ನುಂಗುತ್ತವೆ. ಅವೆರಡನ್ನೂ ಕಿತ್ತು, ಕಡಿಮೆ ವಿದ್ಯುತ್ ಬಳಸುವ ರೆಗ್ಯುಲೇಟರ್ ಹಾಕಬೇಕು.

ಅದಕ್ಕೂ ಮೊದಲು ಇನ್ನೊಂದು ತೊಡಕು ಬಿಡಿಸಬೇಕಿದೆ. ಈಗ ಕೀಲಿ ತಿರುಗಿಸಿದ ಕೂಡಲೇ ಸ್ಪೀಕರಿನಲ್ಲಿ 'ಟಪ್' ಎನ್ನುತ್ತದೆ, ಸ್ಟೀರಿಯೊ ಏಳುವ ಮೊದಲೇ ಆಂಪ್ ಏಳುತ್ತಿದೆ. ಈ ಭಾನುವಾರ ರಿಲೇಗೆ ಮೂರು ಸೆಕೆಂಡಿನ ವಿಳಂಬ ಸೇರಿಸುತ್ತೇನೆ. ಕೆಪಾಸಿಟರ್ ಮನೆಯಲ್ಲೇ ಇದೆ, ಯಾರಿಗೂ ಆರ್ಡರ್ ಕೊಡಬೇಕಿಲ್ಲ.