ನಮ್ಮ ಡಬ್ಬಿ ನಮಗೆ, ಜನರಿಗೆ ಮೈಕ್‌ಸೆಟ್‌ನವರದು

ಬೀದರ್‌ನ ಒಂದು ಫಂಕ್ಷನ್ ಹಾಲ್. ನವೆಂಬರ್ ಕೊನೆ, ಹೊರಗೆ ಒಳ್ಳೆ ಚಳಿ. ರಿಸೆಪ್ಷನ್‌ಗೆ ನಮ್ಮ ಆರ್ಕೆಸ್ಟ್ರಾ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು, ಟಾಟಾ ಏಸ್‌ನಲ್ಲಿ ಸಾಮಾನು ಹೇರಿಕೊಂಡು ಹೋಗಿದ್ದೆವು. ಆ ಸಾಮಾನಿನಲ್ಲಿ ಎಲ್ಲಕ್ಕಿಂತ ದೊಡ್ಡದು ನನ್ನದೇ. ಹದಿನೈದು ಇಂಚಿನ ಸ್ಪೀಕರಿನ 300 ವ್ಯಾಟ್ ಬೇಸ್ ಆಂಪ್, ಅಂದರೆ ನಾನು ನುಡಿಸುವ ಬೇಸ್ ಗಿಟಾರ್‌ನ ಸದ್ದು ಹಿಗ್ಗಿಸುವ ಪೆಟ್ಟಿಗೆ. ಹೈದರಾಬಾದ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ತೂಕ 38 ಕಿಲೋ. ಅದನ್ನು ವೇದಿಕೆಗೆ ಏರಿಸಲು ಢೋಲಕ್‌ನವನೂ ನಾನೂ ಇಬ್ಬರೂ ಬೇಕು. ಏರಿಸಿದ ಮೇಲೆ ಹತ್ತು ನಿಮಿಷ ಬೆರಳು ನಡುಗುತ್ತಿದ್ದವು, ತಂತಿ ಹಿಡಿಯಲು ಆಗುತ್ತಿರಲಿಲ್ಲ.

ಎರಡನೇ ಹಾಡಿನ ನಡುವೆ ಗಾಯಕಿ ಹಿಂದೆ ತಿರುಗಿ ನನ್ನನ್ನೇ ನೋಡಿದರು. ಹಾಡು ಮುಗಿದ ಮೇಲೆ ಹತ್ತಿರ ಬಂದು, "ಅಣ್ಣಾ, ಭಾಳ ಗುಂಯ್ ಅಂತದ. ನನಗ ಸ್ವರಾನೇ ಸಿಗವಲ್ದು" ಅಂದರು. ನನಗೋ ನನ್ನ ಬೇಸ್ ಸರಿಯಾಗಿ ಕೇಳುತ್ತಲೇ ಇರಲಿಲ್ಲ! ಕೇಳುತ್ತಿಲ್ಲ ಅಂತಲೇ ತಗ್ಗಿನ ಸದ್ದು ಏರಿಸುವ ಲೋ ನಾಬ್ ತಿರುಗಿಸಿ ತಿರುಗಿಸಿ ಮೂರು ಗಂಟೆಗೆ ತಂದಿದ್ದೆ. ನಾಬ್‌ನ ಗೀಟನ್ನು ಗಡಿಯಾರದ ಮುಳ್ಳಿನಂತೆ ಹೇಳುವುದು ನಮ್ಮವರ ರೂಢಿ. ಹನ್ನೆರಡು ಗಂಟೆ ಅಂದರೆ ಏರಿಸಿಯೂ ಇಲ್ಲ, ಇಳಿಸಿಯೂ ಇಲ್ಲ.

ಅಲ್ಲಿನ ಮೈಕ್‌ಸೆಟ್‌ನವರು ವಯಸ್ಸಾದವರು. ಊಟದ ಬಿಡುವಿನಲ್ಲಿ ನನ್ನನ್ನು ಕರೆದರು. ರಿದಮ್ ಗಿಟಾರ್ ಹುಡುಗನ ಕೈಗೆ ನನ್ನ ಬೇಸ್ ಕೊಟ್ಟು, ದಪ್ಪ ತಂತಿಯನ್ನು ಸುಮ್ನೆ ಮೀಟುತ್ತಾ ಇರು ಅಂದರು. ನನ್ನನ್ನು ಕರೆದುಕೊಂಡು ಹಾಲ್ ತುಂಬ ನಡೆದರು. ಆಂಪ್ ಎದುರು ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಥರ. ನಡು ಹಾಲ್‌ನಲ್ಲಿ ಸ್ವರವೇ ಮಾಯ. ಹಿಂದಿನ ಗೋಡೆಯ ಹತ್ತಿರ ಹೋದರೆ ಎದೆ ನಡುಗುವಷ್ಟು ಸದ್ದು, ಆದರೆ ಯಾವ ಸ್ವರ ಅಂತ ಕೇಳಬೇಡಿ. "ನೋಡ್ರಿ ಸರ," ಅಂದರು. "ನಿಮ್ಮ ಡಬ್ಬಿ ನಿಮಗ. ಜನಕ್ಕ ನಂದು ಅದ. ನನಗ ಒಂದು ಲೈನ್ ಕೊಟ್ಟು, ನಿಮ್ಮದು ಕಮ್ಮಿ ಮಾಡ್ರಿ."

ಆರು ವರ್ಷ ಬೇಸ್ ನುಡಿಸಿದ ಮೇಲೆ ಈ ಮಾತು ಕೇಳಿದೆ. ಸ್ವಲ್ಪ ಮುಜುಗರವಾಯಿತು.

ಆಮೇಲೆ ಕಾರಣ ತಿಳಿದುಕೊಂಡೆ. ನಾಲ್ಕು ತಂತಿಯ ಬೇಸ್‌ನಲ್ಲಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಬರುವ ಇ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಸಲ ಕಂಪನ. ಆ ಸದ್ದಿನ ಒಂದು ಅಲೆಯೇ ಎಂಟು ಮೀಟರ್‌ಗಿಂತ ಉದ್ದ. ಅಷ್ಟು ಉದ್ದದ ಅಲೆ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುವುದಿಲ್ಲ. ಪೆಟ್ಟಿಗೆಯ ಸುತ್ತ ಎಲ್ಲ ಕಡೆ ಹರಡುತ್ತದೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಒಂದು ಜಾಗದಲ್ಲಿ ಕೂಡಿ ಜಾಸ್ತಿಯಾಗುತ್ತವೆ, ಇನ್ನೊಂದು ಜಾಗದಲ್ಲಿ ಒಂದನ್ನೊಂದು ಕಳೆದುಬಿಡುತ್ತವೆ. ಆಂಪ್‌ನ್ನು ಮೂಲೆಗೆ ಒತ್ತಿ ಇಟ್ಟರೆ ಇನ್ನೂ ಕಷ್ಟ, ಎರಡು ಗೋಡೆ ಮತ್ತು ನೆಲ ಸೇರಿ ತಗ್ಗಿನ ಸದ್ದನ್ನು ಹಿಗ್ಗಿಸುತ್ತವೆ. ನಾನು ಜಾಗ ಉಳಿಯಲಿ ಅಂತ ಯಾವಾಗಲೂ ಮೂಲೆಯಲ್ಲೇ ಇಡುತ್ತಿದ್ದೆ.

ಇನ್ನೊಂದು ತಪ್ಪು ನನ್ನ ಕಿವಿಯದು. ಬೇಸ್ ಕೇಳಬೇಕು ಅಂದರೆ ಲೋ ಏರಿಸಬೇಕು ಅಂದುಕೊಂಡಿದ್ದೆ. ಯಾವ ಸ್ವರ ಅಂತ ಕಿವಿ ಗುರುತು ಹಿಡಿಯುವುದು ಅದರ ಮೇಲಿನ ಪದರಗಳಿಂದ. 41ರ ಜೊತೆಗೆ 82, 123, ಹೀಗೆ ಮೇಲೆ ಮೇಲೆ ಹುಟ್ಟುವ ಸದ್ದುಗಳು ಅವು. ಅವು ಕೇಳಬೇಕಾದರೆ ಮಿಡ್, ಅಂದರೆ ನಡುವಿನ ಸದ್ದು ಬೇಕು. ಆ ದಿನ ಊಟ ಆದ ಮೇಲೆ ಲೋ ಹನ್ನೊಂದು ಗಂಟೆಗೆ ಇಳಿಸಿದೆ, ಮಿಡ್ ಒಂದು ಗಂಟೆಗೆ ಏರಿಸಿದೆ, ಆಂಪ್‌ನ್ನು ಮೂಲೆಯಿಂದ ಎಳೆದು ಪ್ಲಾಸ್ಟಿಕ್ ಕುರ್ಚಿಗೆ ಒರಗಿಸಿ, ಸ್ಪೀಕರ್ ನನ್ನ ಮುಖದ ಕಡೆ ನೋಡುವ ಹಾಗೆ ವಾಲಿಸಿದೆ. ಅಲ್ಲಿಯವರೆಗೆ ಅದು ನನ್ನ ಮೊಣಕಾಲಿಗೆ ಹಾಡು ಹೇಳುತ್ತಿತ್ತು. ಮೊಣಕಾಲಿಗೆ ಕಿವಿ ಇಲ್ಲವಲ್ಲ! ವಾಲ್ಯೂಮ್ ಅರ್ಧಕ್ಕಿಂತ ಕಮ್ಮಿ ಆಯಿತು. ನನಗೆ ಮೊದಲಿಗಿಂತ ಚೆನ್ನಾಗಿ ಕೇಳಿತು.

ಆಂಪ್ ಹಿಂದೆ ಡಿಐ ಅಂತ ಬರೆದ, ಮೈಕ್ ವೈರ್ ಚುಚ್ಚುವಂಥ ಒಂದು ಎಕ್ಸ್‌ಎಲ್‌ಆರ್ ತೂತು ಇತ್ತು. ಅದರಲ್ಲಿ ಅಷ್ಟು ವರ್ಷದ ಧೂಳು ಕೂತಿತ್ತು. ಮೈಕ್‌ಸೆಟ್‌ನವರಿಗೆ ಬೇಕಾದ ಲೈನ್ ಅದೇ. ಪಕ್ಕದಲ್ಲಿ ಪ್ರೀ, ಪೋಸ್ಟ್ ಅಂತ ಸಣ್ಣ ಸ್ವಿಚ್ ಇರುತ್ತದೆ. ನಾನು ಪ್ರೀಯಲ್ಲೇ ಇಡುತ್ತೇನೆ. ಆಗ ನಾನು ನನ್ನ ಕಿವಿಗೆ ತಕ್ಕಂತೆ ಲೋ, ಮಿಡ್ ಏನೇ ತಿರುಗಿಸಿದರೂ ಮಿಕ್ಸರ್‌ಗೆ ಹೋಗುವ ಸದ್ದು ಬದಲಾಗುವುದಿಲ್ಲ, ಅವರ ಕೆಲಸ ಕೆಡುವುದಿಲ್ಲ. ಲೈನ್ ಕೊಟ್ಟಾಗ ಹಮ್, ಅಂದರೆ ಒಂದೇ ಸಮ ಗುಂಯ್‌ಗುಡುವ ಸದ್ದು ಬಂದರೆ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತುತ್ತೇನೆ, ಅದು ಆ ಲೈನ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ. ಕೆಲವರು ಹಮ್ ಹೋಗಲಿ ಅಂತ ಪ್ಲಗ್‌ನ ಅರ್ತಿಂಗ್ ಪಿನ್ನನ್ನೇ ಕಿತ್ತುಹಾಕುತ್ತಾರೆ. ದಯವಿಟ್ಟು ಮಾಡಬೇಡಿ. ಒಂದು ಕೈಯಲ್ಲಿ ತಂತಿ, ಬಾಯಿ ಹತ್ತಿರ ಮೈಕ್, ಕರೆಂಟ್ ಹರಿಯಲು ಅದಕ್ಕಿಂತ ಒಳ್ಳೆ ದಾರಿ ಬೇಕಾ?

ಹಾಗಾದರೆ ಆ 300 ವ್ಯಾಟ್ ಯಾಕೆ ತಗೊಂಡೆ? ಅದಕ್ಕೂ ಮುಂಚಿನ ಕತೆ ಇದೆ. ನನ್ನ ಮೊದಲ ಕಾರ್ಯಕ್ರಮಕ್ಕೆ ಗೆಳೆಯನ 20 ವ್ಯಾಟ್ ಗಿಟಾರ್ ಆಂಪ್ ಒಯ್ದಿದ್ದೆ. ಮೂರನೇ ಹಾಡಿಗೆ ಸ್ಪೀಕರ್ ಕೆಮ್ಮತೊಡಗಿತು, ರಾತ್ರಿ ಮುಗಿಯುವಷ್ಟರಲ್ಲಿ ಅದರೊಳಗೆ ಅದುರುವ ಕೋನ್ ಹರಿದಿತ್ತು. ಗಿಟಾರ್‌ನ ದಪ್ಪ ತಂತಿ 82 ಹರ್ಟ್ಸ್. ಬೇಸ್ ಅದರ ಅರ್ಧ. ಆ ಸ್ಪೀಕರ್‌ನ್ನು ಅಷ್ಟು ಹಿಂದೆ ಮುಂದೆ ಓಡಾಡುವಂತೆ ಕಟ್ಟಿರುವುದೇ ಇಲ್ಲ. ಗೆಳೆಯನಿಗೆ ಹೊಸ ಸ್ಪೀಕರ್ ಹಾಕಿಸಿ ಕೊಟ್ಟೆ. ಆ ಭಯಕ್ಕೆ ನೇರ ಇನ್ನೊಂದು ತುದಿಗೆ ಹೋದೆ. ಮೇಲಾಗಿ ತಲೆಯಲ್ಲಿ ದೊಡ್ಡ ದೊಡ್ಡ ಬ್ಯಾಂಡ್‌ಗಳ ಚಿತ್ರ ಬೇರೆ. ಆಂಪೆಗ್ ಕಂಪನಿಯವರು 1969ರಲ್ಲಿ 300 ವ್ಯಾಟ್‌ನ ಎಸ್‌ವಿಟಿ ಅನ್ನುವ ಬೇಸ್ ಆಂಪ್ ತಂದರು. ಆಗ ಸೌಂಡ್ ಸಿಸ್ಟಮ್‌ಗಳಲ್ಲಿ ಹೆಚ್ಚಾಗಿ ಹಾಡುವವರ ದನಿ ಮಾತ್ರ ಹೋಗುತ್ತಿತ್ತು. ಬೇಸ್ ಜನರಿಗೆ ಮುಟ್ಟಬೇಕಾದರೆ ವೇದಿಕೆಯ ಪೆಟ್ಟಿಗೆಯೇ ಕೂಗಬೇಕಿತ್ತು. ಈಗ ನಮ್ಮ ಊರ ಜಾತ್ರೆಯಲ್ಲೂ ಮೈಕ್‌ಸೆಟ್‌ನವರು ತಗ್ಗಿನ ಸದ್ದಿಗೆಂದೇ ಇರುವ ಹದಿನೆಂಟು ಇಂಚಿನ ಸಬ್ ಸ್ಪೀಕರ್ ಸಾಲಾಗಿ ನಿಲ್ಲಿಸುತ್ತಾರೆ. ಅದರ ಮುಂದೆ ನನ್ನ ಡಬ್ಬಿ ಯಾವ ಲೆಕ್ಕ?

ವ್ಯಾಟ್ ವಿಷಯದಲ್ಲಿ ಅಂಗಡಿಯಲ್ಲಿ ಮೋಸ ಹೋಗುವುದು ಸುಲಭ. ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಡಬ್ಬದ ಮೇಲೆ ಪೀಕ್ ಅಂತ ದೊಡ್ಡಕ್ಷರದಲ್ಲಿ ಬರೆದದ್ದನ್ನು ಬಿಡಿ, ಆರ್‌ಎಂಎಸ್, ಅಂದರೆ ಒಂದೇ ಸಮ ಕೊಡುವ ವ್ಯಾಟ್ ಎಷ್ಟು ಅಂತ ಕೇಳಿ.

ಈಗ ನನ್ನ ಹತ್ತಿರ ಇರುವುದು ಕ್ಲಾಸ್ ಡಿ ಅನ್ನುವ ಹಗುರ ಬಗೆಯ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್, ಎರಡೂವರೆ ಕಿಲೋ, ಬೇಸ್ ಜೊತೆ ಹೆಗಲ ಚೀಲದಲ್ಲೇ ಹೋಗುತ್ತದೆ. ಜೊತೆಗೆ ಹನ್ನೆರಡು ಇಂಚಿನ 8 ಓಮ್ ಸ್ಪೀಕರ್ ಕ್ಯಾಬಿನೆಟ್ ಒಂದು. ಒಂದೇ ಕೈಯಲ್ಲಿ ಎತ್ತುತ್ತೇನೆ. ಓಮ್ ಅಂದರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ, ಅದು ಕಮ್ಮಿ ಆದಷ್ಟೂ ಆಂಪ್‌ಗೆ ಹೊರೆ ಜಾಸ್ತಿ. ಹೆಡ್ ಮೇಲೆ ಬರೆದಿರುವ ವ್ಯಾಟ್ 4 ಓಮ್‌ಗೆ ಹೇಳಿದ್ದು, 8 ಓಮ್ ಒಂದನ್ನೇ ಹಾಕಿದರೆ ಅಷ್ಟು ಸಿಗುವುದಿಲ್ಲ. ಬಯಲಲ್ಲಿ, ಗಣೇಶೋತ್ಸವದ ಪೆಂಡಾಲ್‌ನಲ್ಲಿ ಸಾಲದು ಅನ್ನಿಸಿದರೆ ಅಂಥದ್ದೇ ಇನ್ನೊಂದನ್ನು ಬಾಡಿಗೆಗೆ ತರುತ್ತೇನೆ. 8ರ ಎರಡು ಸೇರಿದರೆ 4 ಓಮ್, ಹೆಡ್‌ಗೆ ಅದೇ ಕೊನೆಯ ಮಿತಿ. ಶಹಾಪುರದಲ್ಲಿ ಗೆಳೆಯನೊಬ್ಬ 4 ಓಮ್‌ನ ಎರಡನ್ನು ಜೋಡಿಸಿದ. ಅದು 2 ಓಮ್ ಆಯಿತು. ಹಾಡಿನ ಚರಣದಲ್ಲೇ ಆಂಪ್ ತನ್ನನ್ನು ಕಾಪಾಡಿಕೊಳ್ಳಲು ಪ್ರೊಟೆಕ್ಷನ್‌ಗೆ ಹೋಗಿ ಬಂದ್ ಬಿತ್ತು. ಅವನ ಪುಣ್ಯ, ಸುಡಲಿಲ್ಲ.

ಇನ್ನು ಕೀಬೋರ್ಡ್‌ನವರ ಎಡಗೈ! ನಮ್ಮ ಕಡೆ ಹೆಚ್ಚಿನ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಇರುವುದೇ ಅಪರೂಪ. ಕೀಬೋರ್ಡ್‌ನವರೇ ಎಡಗೈಯಲ್ಲಿ ಬೇಸ್ ತುಂಬಿಸುತ್ತಾರೆ. ಬೇಸ್‌ನವನು ಬಂದ ಮೇಲೂ ಆ ಅಭ್ಯಾಸ ಹೋಗಲ್ಲ. ಇಬ್ಬರೂ ಅದೇ ಜಾಗದಲ್ಲಿ ನುಡಿಸಿದರೆ ಯಾವ ಆಂಪ್ ತಂದರೂ ಗೊಜ್ಜು. ನಮ್ಮ ಕೀಬೋರ್ಡ್‌ನವರು ನನಗಿಂತ ಹಿರಿಯರು, ನೇರ ಹೇಳಲು ಸಂಕೋಚ. ಕಾರ್ಯಕ್ರಮಕ್ಕೆ ಮುಂಚೆ ಮಿರ್ಚಿ ಭಜಿ ತಿನ್ನುವಾಗ, "ಗುರುಗಳೇ, ಇವತ್ತು ಎಡಗೈಗೆ ಜರ ರೆಸ್ಟ್ ಕೊಡ್ರಿ" ಅಂತ ನಗುತ್ತಾ ಹೇಳುತ್ತೇನೆ. ಮೊದಲ ನಾಲ್ಕು ಹಾಡಿಗೆ ನೆನಪಿರುತ್ತದೆ.

ಕರೆಂಟ್ ಬಗ್ಗೆ ಹೆಚ್ಚು ಹೇಳಲ್ಲ. ಪ್ಲಗ್ ಹಾಕುವ ಮುಂಚೆ ಮಲ್ಟಿಮೀಟರ್ ಇಡಿ. ಹಳ್ಳಿಯೊಂದರ ಜನರೇಟರ್ ಲೈನ್‌ನಲ್ಲಿ ನಾನು 170 ವೋಲ್ಟ್ ನೋಡಿದ್ದೇನೆ. ನ್ಯೂಟ್ರಲ್ ಸಡಿಲವಾದ ಕಡೆ 290 ಕೂಡ. ಅಂಥ ಕಡೆ ಲೈನ್‌ಮನ್ ಬರುವವರೆಗೆ ಚಹಾ ಕುಡಿಯುತ್ತಾ ಕೂತುಬಿಡುತ್ತೇನೆ, ಆಯೋಜಕರು ಎಷ್ಟೇ ಅವಸರ ಮಾಡಲಿ.

ಹೊಸ ಹೆಡ್ ನನಗೆ ಕೈಕೊಟ್ಟಿದ್ದು ಒಂದೇ ಸಲ. ಹೋದ ಮೇ ತಿಂಗಳು, ಕಲಬುರಗಿಯಲ್ಲೇ, ಸಂಜೆ ಏಳಕ್ಕೂ ಧಗೆ ಇಳಿದಿರಲಿಲ್ಲ. ಸೌಂಡ್ ಚೆಕ್ ಚೆನ್ನಾಗಿಯೇ ಆಗಿತ್ತು. ನಾಲ್ಕನೇ ಹಾಡಿಗೆ ಸದ್ದು ನಿಂತಿತು. ವೈರ್ ನೋಡಿದೆ, ಫ್ಯೂಸ್ ನೋಡಿದೆ, ಎಲ್ಲ ಸರಿ. ಹಿಂದೆ ಬಗ್ಗಿದರೆ ಡೆಕೋರೇಷನ್‌ನವರು ಫೋಟೋಗೆ ಚಂದ ಕಾಣಲಿ ಅಂತ ಆಂಪ್‌ಗೆ ಗುಲಾಬಿ ಸ್ಯಾಟಿನ್ ಬಟ್ಟೆ ಸುತ್ತಿ, ಸರಿಯಾಗಿ ಫ್ಯಾನ್ ಕಿಂಡಿಯ ಮೇಲೆ ಗುಂಡುಸೂಜಿ ಚುಚ್ಚಿ ಬಿಗಿದಿದ್ದರು. ಬಟ್ಟೆ ಬಿಚ್ಚಿ, ಅದೇ ಬಟ್ಟೆಯಿಂದ ಗಾಳಿ ಬೀಸಿದೆ. ಲೈನ್ ಹೆಡ್‌ನಿಂದಲೇ ಹೋಗುತ್ತಿದ್ದರಿಂದ ಜನರಿಗೂ ಬೇಸ್ ಇಲ್ಲ. ಕೀಬೋರ್ಡ್‌ನವರು ನನ್ನ ಕಡೆ ನೋಡಿ ನಕ್ಕು, ಎಡಗೈಯನ್ನು ತಗ್ಗಿನ ಸ್ವರದ ಕೀಗಳ ಮೇಲೆ ಇಟ್ಟರು.